ವ್ಯಾಂಕೋಮೈಸಿನ್ ಮುಂದೆ ‘ಆರ್’ ಬಂದರೆ ಎಲ್ಲೆಲ್ಲಿ ಹುಡುಕಬೇಕು

ಮಾರ್ಚ್ ಕೊನೆಯ ವಾರ. ದಾವಣಗೆರೆಯಲ್ಲಿ ಬೆಳಿಗ್ಗೆ ಹತ್ತಕ್ಕೇ ರಸ್ತೆ ಕಾದಿರುವ ಹೊತ್ತು. ಲ್ಯಾಬಿನ ಫೋನಿನಲ್ಲಿ ನಮ್ಮ ಹಿರಿಯ ಸರ್ಜನ್: “ಏನ್ ಮೇಡಂ, ಹತ್ತು ದಿನದಾಗೆ ಆರು ವಿಆರ್‌ಇ ಕೊಟ್ಟೀರಿ. ಬೆಂಕಿ ಬಿದ್ದಿರೋದು ನಮ್ಮ ವಾರ್ಡಿಗೋ, ನಿಮ್ಮ ಲ್ಯಾಬಿಗೋ?”

ವಿಆರ್‌ಇ ಎಂದರೆ ವ್ಯಾಂಕೋಮೈಸಿನ್ ಎಂಬ ಆಂಟಿಬಯಾಟಿಕ್‌ಗೆ ಬಗ್ಗದ ಎಂಟರೋಕಾಕಸ್, ಕರುಳಿನಲ್ಲಿ ವಾಸಿಸುವ ಒಂದು ಬ್ಯಾಕ್ಟೀರಿಯಾ. ವರದಿಯಲ್ಲಿ ಔಷಧಕ್ಕೆ ಬಗ್ಗಿದರೆ ‘ಎಸ್’, ಬಗ್ಗದಿದ್ದರೆ ‘ಆರ್’ ಎಂದು ಬರೆಯುತ್ತೇವೆ. ವರ್ಷವಿಡೀ ಬೆರಳೆಣಿಕೆಯಷ್ಟು ಕಾಣುತ್ತಿದ್ದದ್ದು ಹತ್ತೇ ದಿನದಲ್ಲಿ ಆರಾದರೆ ಯಾರಿಗಾದರೂ ಸಿಟ್ಟು ಬರುತ್ತದೆ. ನನಗೂ ಬಂತು, ಆದರೆ ಅವರ ಪ್ರಶ್ನೆ ನ್ಯಾಯವಾಗಿತ್ತು. ಜೀನ್ ಪತ್ತೆಹಚ್ಚುವ ಪಿಸಿಆರ್ ಇಲ್ಲದ, ಔಷಧ ಹೀರಿಸಿದ ಡಿಸ್ಕ್ ಹಾಕಿ ಸ್ಕೇಲಿನಲ್ಲಿ ಅಳೆಯುವ ನಮ್ಮಂಥ ಮಧ್ಯಮ ಗಾತ್ರದ ಆಸ್ಪತ್ರೆಗಳು ದಾವಣಗೆರೆ, ಚಿತ್ರದುರ್ಗದ ಕಡೆ ಬೇಕಾದಷ್ಟಿವೆ. ಅಂಥ ಕಡೆ ಕೆಲಸ ಮಾಡುವ ಟೆಕ್ನಿಷಿಯನ್, ಡ್ಯೂಟಿ ಡಾಕ್ಟರ್, ಸಿಸ್ಟರ್‌ಗಳಿಗಾಗಿ, ನಾವು ಹುಡುಕಿದ ಹಾದಿಯಲ್ಲೇ ಇದನ್ನು ಬರೆಯುತ್ತಿದ್ದೇನೆ. ಎಡವಿದ್ದನ್ನೂ ಬಿಟ್ಟಿಲ್ಲ.

ಫೋನ್ ಇಟ್ಟ ಮೇಲೆ: ಕಂಟ್ರೋಲ್ ಪ್ಲೇಟ್

ರೋಗಿಯ ಪ್ಲೇಟಿಗಿಂತ ಮೊದಲು ಕಂಟ್ರೋಲ್ ಪ್ಲೇಟ್, ಅಂದರೆ ಉತ್ತರ ಮೊದಲೇ ಗೊತ್ತಿರುವ ತಳಿ ಹಾಕಿದ ಪ್ಲೇಟ್, ತೆಗೆಯಬೇಕು. ವ್ಯಾಂಕೋಮೈಸಿನ್ 30 ಮೈಕ್ರೋಗ್ರಾಂ ಡಿಸ್ಕಿಗೆ ಸ್ಟ್ಯಾಫಿಲೋಕಾಕಸ್ ಆರಿಯಸ್ ಎಟಿಸಿಸಿ 25923 ತಳಿಯಲ್ಲಿ ಝೋನ್, ಅಂದರೆ ಡಿಸ್ಕಿನ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವೃತ್ತ, 17ರಿಂದ 21 ಮಿಲಿಮೀಟರ್ ಒಳಗೆ ಬರಬೇಕು. ನಮ್ಮದು 15 ಇತ್ತು. ಆ ಬ್ಯಾಚ್ ಹಾಕಿದ ಹುಡುಗ ಹರಿಹರದವನು, ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. “ಕಂಟ್ರೋಲ್ ಹಾಕಿದ್ದೆನ್ರಿ ಮೇಡಂ, ಬೆಳೆದಿತ್ತು, ಝೋನೂ ಇತ್ತು. ಅಳತಿ ಬರಿಯೋದು ಮರೆತೆ” ಎಂದ. ಅವನನ್ನು ಬೈಯುವ ಮುಖ ನನಗಿರಲಿಲ್ಲ. ರಿಜಿಸ್ಟರಿನಲ್ಲಿ ಅಳತೆಯ ಕಾಲಂ ಖಾಲಿ ಇದ್ದರೂ ಕೆಳಗೆ ಸಹಿ ಹಾಕಿದ್ದವಳು ನಾನೇ.

ಕಂಟ್ರೋಲ್ ಕೈಕೊಟ್ಟಾಗ ಎಲ್ಲಿ ನೋಡಬೇಕು ಎಂಬುದನ್ನು ಪ್ಲೇಟೇ ಹೇಳುತ್ತದೆ. ಒಂದು ಡಿಸ್ಕಿನ ಝೋನ್ ಮಾತ್ರ ಕುಗ್ಗಿದ್ದರೆ ಆ ಡಿಸ್ಕನ್ನು ಅನುಮಾನಿಸಿ. ಡಬ್ಬಿಯೊಳಗಿನ ಸಿಲಿಕಾ ಪುಡಿಯ ಬಣ್ಣ ತಿರುಗಿರಬಹುದು, ಫ್ರಿಜ್‌ನಿಂದ ತೆಗೆದು ಬಿಸಿಯಾಗುವ ಮೊದಲೇ ಮುಚ್ಚಳ ತೆರೆದು ಒಳಗೆ ನೀರಿನ ಪಸೆ ಕೂತಿರಬಹುದು, ರಾತ್ರಿ ಕರೆಂಟ್ ಹೋಗಿ ಫ್ರಿಜ್ ನಿಂತಿರಬಹುದು. ಎಲ್ಲ ಡಿಸ್ಕುಗಳ ಝೋನೂ ಒಟ್ಟಿಗೇ ಕುಗ್ಗಿದ್ದರೆ ತಪ್ಪು ಪ್ಲೇಟಿನದು, ಇಲ್ಲವೇ ಬ್ಯಾಕ್ಟೀರಿಯಾ ಕಲಕಿದ ದ್ರಾವಣ 0.5 ಮೆಕ್‌ಫರ್ಲೆಂಡ್ ಎಂಬ ಮಬ್ಬಿನ ಅಳತೆಗಿಂತ ದಟ್ಟವಾಗಿದೆ. ನಮ್ಮಲ್ಲಿ ಎಲ್ಲವೂ ಎರಡು ಮೂರು ಮಿಲಿಮೀಟರ್ ಕುಗ್ಗಿದ್ದವು. ಒಂದು ಪ್ಲೇಟನ್ನು ಬ್ಲೇಡಿನಿಂದ ಕೊಯ್ದು, ನನ್ನ ಮಗನ ಕಂಪಾಸ್ ಬಾಕ್ಸಿನ ಸ್ಕೇಲ್ ನಿಲ್ಲಿಸಿ ನೋಡಿದೆವು: 6 ಮಿಲಿಮೀಟರ್. ಇರಬೇಕಾದದ್ದು 4. ತೊಂಬತ್ತು ಮಿಲಿಮೀಟರ್ ಪ್ಲೇಟಿಗೆ ಸುಮಾರು 25 ಮಿಲಿಲೀಟರ್ ಮುಲ್ಲರ್ ಹಿಂಟನ್ ಅಗರ್ ಸಾಕು. ಹುಡುಗ ಕೈತುಂಬ ಸುರಿದಿದ್ದ. ಮನೆಗೆ ಬಂದವರಿಗೆ ಪಾಯಸ ಬಡಿಸುವಾಗ ಇರಬೇಕಾದ ಗುಣ ಅದು. ಅಗರ್ ದಪ್ಪವಾದರೆ ಔಷಧ ಪಕ್ಕಕ್ಕೆ ಹರಡುವಷ್ಟೇ ಕೆಳಕ್ಕೂ ಇಳಿಯುತ್ತದೆ, ಝೋನ್ ಸಣ್ಣದಾಗುತ್ತದೆ. ವ್ಯಾಂಕೋಮೈಸಿನ್ ಮೊದಲೇ ದೊಡ್ಡ ಅಣು, ಅಗರ್‌ನಲ್ಲಿ ನಿಧಾನಕ್ಕೆ ಸರಿಯುವಂಥದ್ದು. ಅದರಲ್ಲಿ ‘ಎಸ್’ಗೂ ‘ಆರ್’ಗೂ ನಡುವೆ ಇರುವುದೇ ಎರಡು ಮಿಲಿಮೀಟರ್: 17 ಮತ್ತು ಮೇಲಿದ್ದರೆ ಬಗ್ಗುತ್ತದೆ, 14 ಮತ್ತು ಕೆಳಗಿದ್ದರೆ ಬಗ್ಗುವುದಿಲ್ಲ, 15 ಮತ್ತು 16 ನಡುವಿನದು.

ಆರರಲ್ಲಿ ಎರಡು ವರದಿ ಇಲ್ಲೇ ಬಿದ್ದುಹೋದವು. ಹೊಸ ಪ್ಲೇಟಿನಲ್ಲಿ 14 ಇದ್ದದ್ದು ಒಂದರಲ್ಲಿ 18, ಇನ್ನೊಂದರಲ್ಲಿ 17 ಆಯಿತು. ಹದಿನೇಳನ್ನು ನಾನು ಸುಮ್ಮನೆ ನಂಬಲಿಲ್ಲ. ಗ್ರೇಡಿಯೆಂಟ್ ಪಟ್ಟಿ ಇಟ್ಟು ಎಂಐಸಿ, ಅಂದರೆ ಬೆಳವಣಿಗೆ ನಿಲ್ಲಿಸಲು ಬೇಕಾದ ಕನಿಷ್ಠ ಔಷಧ, ನೋಡಿದೆವು. ಮಿಲಿಲೀಟರಿಗೆ 2 ಮೈಕ್ರೋಗ್ರಾಂ ಬಂತು. ನಾಲ್ಕರ ತನಕ ‘ಎಸ್’, 8ರಿಂದ 16 ನಡುವಿನದು, 32 ಮತ್ತು ಮೇಲೆ ‘ಆರ್’. ಎರಡೂ ವರದಿ ತಿದ್ದಿ, ಡಾಕ್ಟರಿಗೆ ಫೋನ್ ಮಾಡಿ, ಮಾತಾಡಿದ ಸಮಯವನ್ನು ರಿಜಿಸ್ಟರಿನಲ್ಲಿ ಬರೆದೆವು. ತಿದ್ದಿದ ವರದಿಯನ್ನು ಬರೀ ಕಂಪ್ಯೂಟರಿಗೆ ಹಾಕಿದರೆ ಸಾಲದು. ಹಳೆಯ ಪ್ರಿಂಟ್ ಕೇಸ್ ಶೀಟಿನಲ್ಲಿ ಪಿನ್ ಹೊಡೆದುಕೊಂಡು ಹಾಗೇ ಕೂತಿರುತ್ತದೆ.

ಇದು ಎಂಟರೋಕಾಕಸ್ ಹೌದೇ, ಹೌದಾದರೆ ಯಾವುದು?

ಮ್ಯಾಕ್‌ಕಾಂಕಿ ಪ್ಲೇಟಿನಲ್ಲಿ ಸಾಸಿವೆಗಿಂತ ಸಣ್ಣ, ಗಾಢ ಗುಲಾಬಿ ಚುಕ್ಕೆಗಳು. ಗ್ರಾಂ ಸ್ಟೇನಿನಲ್ಲಿ ಜೋಡಿ ಜೋಡಿಯಾಗಿ, ಅಲ್ಲಲ್ಲಿ ಚಿಕ್ಕ ಸರ. ಕ್ಯಾಟಲೇಸ್ ಇಲ್ಲ, ಆದರೂ ಫೀಕಾಲಿಸ್ ಎಂಬ ಪ್ರಭೇದದ ಕೆಲವು ತಳಿ ಸಣ್ಣಗೆ ಗುಳ್ಳೆ ಬಿಟ್ಟು ಹೊಸಬರನ್ನು ಏಮಾರಿಸುತ್ತವೆ. ಬೈಲ್ ಎಸ್ಕ್ಯುಲಿನ್ ಕಾಡಿಗೆಯಂತೆ ಕಪ್ಪಾಗುತ್ತದೆ, 6.5 ಶೇಕಡಾ ಉಪ್ಪಿನಲ್ಲೂ ಬೆಳೆಯುತ್ತದೆ, ಪಿವೈಆರ್ ಪಟ್ಟಿ ಕೆಂಪಾಗುತ್ತದೆ. ಇಷ್ಟನ್ನು ಎಲ್ಲರೂ ಮಾಡುತ್ತಾರೆ, ಇಲ್ಲಿಗೇ ನಿಲ್ಲಿಸುತ್ತಾರೆ. ವರದಿಯಲ್ಲಿ ‘ಎಂಟರೋಕಾಕಸ್ ಪ್ರಭೇದ’ ಎಂದು ಬರೆದು ಕಳಿಸುವುದು ಊರಿನ ಹೆಸರಿಲ್ಲದೆ ‘ಮೇನ್ ರೋಡ್’ ಎಂದು ವಿಳಾಸ ಬರೆದಂತೆ.

ಪ್ರಭೇದ ಗೊತ್ತಾದರೆ ಅರ್ಧ ಉತ್ತರ ಸಿಕ್ಕಂತೆ. ಫೀಕಾಲಿಸ್ ಸಾಮಾನ್ಯವಾಗಿ ಆಂಪಿಸಿಲಿನ್‌ಗೆ ಬಗ್ಗುತ್ತದೆ. ಇನ್ನೊಂದು ಪ್ರಭೇದ ಫೀಸಿಯಂ, ಗೋಡೆ ಕಟ್ಟುವ ತನ್ನ ಪಿಬಿಪಿ-5 ಎಂಬ ಪ್ರೋಟೀನನ್ನು ಬದಲಿಸಿಕೊಂಡು ಆಸ್ಪತ್ರೆಗಳಲ್ಲಿ ಬಹುಮಟ್ಟಿಗೆ ಆಂಪಿಸಿಲಿನ್‌ಗೆ ಬಗ್ಗದು. ವ್ಯಾಂಕೋಮೈಸಿನ್ ತಡೆದುಕೊಳ್ಳುವುದರಲ್ಲೂ ಅದೇ ಮುಂದೆ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲೂ 2024ರಲ್ಲೂ ಮಾಡಿದ ಅಪಾಯಕಾರಿ ಬ್ಯಾಕ್ಟೀರಿಯಾಗಳ ಪಟ್ಟಿಯಲ್ಲಿ ವ್ಯಾಂಕೋಮೈಸಿನ್‌ಗೆ ಬಗ್ಗದ ಫೀಸಿಯಂ ಹೆಸರಿದೆ. ಅರಾಬಿನೋಸ್ ಸಕ್ಕರೆಯನ್ನು ಫೀಸಿಯಂ ಹುಳಿ ಮಾಡುತ್ತದೆ, ಫೀಕಾಲಿಸ್ ಮಾಡುವುದಿಲ್ಲ. ಹಾಗಾಗಿ ಫೀಸಿಯಂ ಎಂದುಕೊಂಡಿದ್ದು ಆಂಪಿಸಿಲಿನ್‌ಗೆ ‘ಎಸ್’ ಬಂದರೆ, ಫೀಕಾಲಿಸ್ ಎಂದುಕೊಂಡಿದ್ದು ‘ಆರ್’ ಬಂದರೆ, ಸಹಿ ಹಾಕುವ ಮೊದಲು ಗುರುತಿಸಿದ್ದೇ ತಪ್ಪೇನೋ ಎಂದು ಒಮ್ಮೆ ನೋಡಿ.

ನಮ್ಮ ಮೂರನೆಯ ‘ವಿಆರ್‌ಇ’ ಇಲ್ಲಿ ಸಿಕ್ಕಿಬಿತ್ತು. ಝೋನ್ 16, ಅಂದರೆ ನಡುವಿನದು. ಆದರೆ ನಮ್ಮ ಕಂಪ್ಯೂಟರ್ ಫಾರಂನಲ್ಲಿ ‘ಎಸ್’ ಮತ್ತು ‘ಆರ್’ ಎರಡೇ ಗುಂಡಿಗಳಿದ್ದವು. ಟೈಪ್ ಮಾಡುವ ಹುಡುಗಿ ಜಾಣೆ, ಭಯ ಇರುವ ಕಡೆಗೇ ಒತ್ತಿದ್ದಳು. ಎಂಐಸಿ 8. ಅರೆಗಟ್ಟಿ ಅಗರ್ ಟ್ಯೂಬಿನಲ್ಲಿ ಸೂಜಿಯಿಂದ ಚುಚ್ಚಿ 30 ಡಿಗ್ರಿಯಲ್ಲಿ ಇಟ್ಟರೆ, ಮರುದಿನ ಚುಚ್ಚಿದ ಗೆರೆಯ ಸುತ್ತ ಮಂಜು ಕವಿದಂತೆ ಹರಡಿತ್ತು. ಚಲಿಸುವ ಎಂಟರೋಕಾಕಸ್! ಗ್ಯಾಲಿನಾರಂ. ಇದಕ್ಕೂ ಇದರ ಅಣ್ಣತಮ್ಮನಂಥ ಕ್ಯಾಸೆಲಿಫ್ಲೇವಸ್‌ಗೂ ವ್ಯಾನ್-ಸಿ ಎಂಬ ಜೀನ್ ಹುಟ್ಟಿನಿಂದಲೇ ಕ್ರೋಮೋಸೋಮಿನಲ್ಲಿದೆ. ವ್ಯಾಂಕೋಮೈಸಿನ್‌ಗೆ ಸ್ವಲ್ಪ ಮಟ್ಟಿಗೆ ಬಗ್ಗುವುದಿಲ್ಲ, ಅದೇ ಬಳಗದ ಔಷಧ ಟೀಕೋಪ್ಲಾನಿನ್‌ಗೆ ಬಗ್ಗುತ್ತವೆ, ಈ ಗುಣವನ್ನು ಪಕ್ಕದವರಿಗೆ ದಾಟಿಸುವುದಿಲ್ಲ. ಕ್ಯಾಸೆಲಿಫ್ಲೇವಸ್ ಆದರೆ ಬಿಳಿ ಹತ್ತಿಯ ಸ್ವಾಬಿನಿಂದ ಕಾಲನಿಗಳನ್ನು ಉಜ್ಜಿದಾಗ ಹತ್ತಿಗೆ ಅರಿಸಿನದ ಬಣ್ಣ ಹತ್ತುತ್ತದೆ, ಐದು ಪೈಸೆ ಖರ್ಚಿಲ್ಲದ ಪರೀಕ್ಷೆ. ಇಂಥ ರೋಗಿಯನ್ನು ಬೇರೆ ಕೋಣೆಗೆ ಹಾಕಿ ಮನೆಯವರನ್ನು ಹೆದರಿಸುವ ಅಗತ್ಯ ಇರಲಿಲ್ಲ. ನಾವು ಹಾಕಿಯಾಗಿತ್ತು, ಮೂರು ದಿನ.

ಹುಟ್ಟುಗುಣ ಬೇರೆ, ಸೇರಿಕೊಂಡ ಗುಣ ಬೇರೆ

ಎಂಟರೋಕಾಕಸ್‌ಗಳನ್ನು ಬಹುಕಾಲ ಸ್ಟ್ರೆಪ್ಟೋಕಾಕಸ್ ಮನೆತನಕ್ಕೇ ಸೇರಿಸಿದ್ದರು. ಬೇರೆ ಕುಲವಾದದ್ದು 1984ರಲ್ಲಿ. ಆ ಹಳೆಯ ನೆಂಟಸ್ತಿಕೆಯ ನೆನಪಿಗೋ ಏನೋ, ಗ್ರಾಂ ಪಾಸಿಟಿವ್ ಸರ ಕಂಡ ಕೂಡಲೇ ಸೆಫ್ಟ್ರಿಯಾಕ್ಸೋನ್ ಬರೆಯುವವರು ಈಗಲೂ ಇದ್ದಾರೆ. ಸೆಫ್ಟ್ರಿಯಾಕ್ಸೋನ್ ಸೇರಿದ ಸೆಫಾಲೋಸ್ಪೋರಿನ್ ಗುಂಪಿನ ಔಷಧ ಒಂದನ್ನೇ ಕೊಟ್ಟರೆ ಎಂಟರೋಕಾಕಸ್‌ಗೆ ಏನೂ ಆಗುವುದಿಲ್ಲ. ಕ್ಲಿಂಡಾಮೈಸಿನ್ ಹಾಗೇ. ಕೋಟ್ರೈಮಾಕ್ಸಜೋಲ್ ಪ್ಲೇಟಿನಲ್ಲಿ ಚೆಂದದ ಝೋನ್ ತೋರಿಸಿದರೂ ಮೈಯೊಳಗೆ ಕೆಲಸ ಮಾಡದು, ಹೊರಗಿನ ಫೋಲೇಟನ್ನು ಇದು ಹೀರಿಕೊಂಡು ಬದುಕಿಕೊಳ್ಳುತ್ತದೆ. ಆದ್ದರಿಂದ ಈ ಡಿಸ್ಕುಗಳನ್ನು ಹಾಕಲೇಬೇಡಿ. ಹಾಕಿದರೆ ಯಾರೋ ಅಳೆಯುತ್ತಾರೆ, ಯಾರೋ ‘ಎಸ್’ ಎಂದು ಬರೆಯುತ್ತಾರೆ, ರಾತ್ರಿ ಪಾಳಿಯ ಡ್ಯೂಟಿ ಡಾಕ್ಟರ್ ಅದನ್ನೇ ನಂಬಿ ಇಂಜೆಕ್ಷನ್ ಬರೆಯುತ್ತಾರೆ.

ಇನ್ನು ಸೇರಿಕೊಂಡ ಗುಣ. ಈ ಬ್ಯಾಕ್ಟೀರಿಯಾದ ಗೋಡೆ ಕಟ್ಟುವ ಇಟ್ಟಿಗೆಯ ತುದಿಯಲ್ಲಿ ಎರಡು ಡಿ-ಅಲನಿನ್ ಇರುತ್ತವೆ. ವ್ಯಾಂಕೋಮೈಸಿನ್ ಆ ತುದಿಯನ್ನು ಕಚ್ಚಿ ಹಿಡಿದರೆ ಇಟ್ಟಿಗೆ ಗೋಡೆಗೆ ಕೂರುವುದಿಲ್ಲ. ವ್ಯಾನ್-ಎ, ವ್ಯಾನ್-ಬಿ ಜೀನ್ ಇರುವ ತಳಿ ಕೊನೆಯ ಅಲನಿನ್ ಬದಲು ಡಿ-ಲ್ಯಾಕ್ಟೇಟ್ ಇಡುತ್ತದೆ, ಔಷಧದ ಹಿಡಿತ ಸುಮಾರು ಸಾವಿರ ಪಟ್ಟು ಸಡಿಲವಾಗುತ್ತದೆ. ವ್ಯಾಂಕೋಮೈಸಿನ್ ಬಳಕೆಗೆ ಬಂದದ್ದು 1958ರಲ್ಲಿ. ಮೂವತ್ತು ವರ್ಷ ಎಂಟರೋಕಾಕಸ್ ಅದಕ್ಕೆ ತಲೆಬಾಗಿತ್ತು. 1988ರಲ್ಲಿ ಇಂಗ್ಲೆಂಡ್ ಮತ್ತು ಫ್ರಾನ್ಸ್‌ನಿಂದ ಬಗ್ಗದ ತಳಿಗಳ ವರದಿ ಬಂತು. ಡಿಸ್ಕ್ ಮಾತ್ರ ಇರುವವರಿಗೆ ಒಂದು ಸುಳಿವು: ವ್ಯಾಂಕೋಮೈಸಿನ್ ಮತ್ತು ಟೀಕೋಪ್ಲಾನಿನ್ ಎರಡಕ್ಕೂ ಬಗ್ಗದಿದ್ದರೆ ವ್ಯಾನ್-ಎ ನಡವಳಿಕೆ, ಟೀಕೋಪ್ಲಾನಿನ್‌ಗೆ ಬಗ್ಗಿದರೆ ವ್ಯಾನ್-ಬಿ ನಡವಳಿಕೆ. ಇವೆರಡೂ ವ್ಯಾನ್-ಸಿಯ ಹಾಗೆ ಮನೆಯಲ್ಲೇ ಕೂರುವ ಜಾತಿಯಲ್ಲ. ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಜಿಗಿಯುತ್ತವೆ. 2002ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ವ್ಯಾನ್-ಎ ಸ್ಟ್ಯಾಫಿಲೋಕಾಕಸ್ ಆರಿಯಸ್‌ನೊಳಗೂ ಸಿಕ್ಕಿತ್ತು.

ಸದ್ದು ಮಾಡದ ತಪ್ಪು

ಆರು ‘ಆರ್’ಗಳನ್ನು ಅಗೆಯುತ್ತಾ ಹಳೆಯ ಪ್ಲೇಟುಗಳನ್ನು ತೆಗೆದಿದ್ದೆವು. ಎರಡು ವಾರ ಫ್ರಿಜ್‌ನಲ್ಲಿ ಇಡುವ ಅಭ್ಯಾಸ ನಮ್ಮದು. ಅಲ್ಲಿ ನನ್ನ ಕೈ ನಿಂತದ್ದು ‘ಎಸ್’ ಎಂದು ಹೋಗಿದ್ದ ಒಂದು ಪ್ಲೇಟಿನ ಮೇಲೆ. ಡಯಾಲಿಸಿಸ್ ಮಾಡಿಸುವ ರೋಗಿಯ ರಕ್ತದ ಕಲ್ಚರ್. ವ್ಯಾಂಕೋಮೈಸಿನ್ ಝೋನ್ 18 ಎಂದು ಬರೆದಿತ್ತು. ಪ್ಲೇಟನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದೆ. ಝೋನಿನ ಅಂಚು ಕೊಯ್ದಂತೆ ಇರಲಿಲ್ಲ. ಒಳಗೆ, ಕನ್ನಡಕಕ್ಕೆ ಉಸಿರು ಬಿಟ್ಟಾಗ ಕೂರುವಂಥ ತೆಳು ಮಂಜು, ಅದರ ನಡುವೆ ಸೂಜಿಮೊನೆಯಷ್ಟು ಎರಡು ಕಾಲನಿ.

ಆಗಿದ್ದೇನೆಂದರೆ, ಬೇರೆಲ್ಲ ಪ್ಲೇಟುಗಳ ಜೊತೆ ಇದನ್ನೂ 16 ಗಂಟೆಗೇ ಓದಿದ್ದರು, ಅದೂ ಟೇಬಲ್ಲಿನ ಮೇಲೆ ಮಲಗಿಸಿ, ಟ್ಯೂಬ್‌ಲೈಟಿನ ಕೆಳಗೆ. ಎಂಟರೋಕಾಕಸ್ ಮತ್ತು ವ್ಯಾಂಕೋಮೈಸಿನ್ ಜೋಡಿಗೆ ಪೂರ್ತಿ 24 ಗಂಟೆ ಕೊಡಬೇಕು. ಪ್ಲೇಟಿನ ಹಿಂದಿನಿಂದ ಬೆಳಕು ಬರುವಂತೆ ಹಿಡಿದು ನೋಡಬೇಕು. ಝೋನಿನೊಳಗೆ ಮಂಜಾಗಲಿ ಒಂದೇ ಒಂದು ಕಾಲನಿಯಾಗಲಿ ಇದ್ದರೆ ಅಳತೆ ಎಷ್ಟೇ ಇರಲಿ, ಅದು ‘ಆರ್’. ವ್ಯಾನ್-ಬಿ ಥರದವು ಔಷಧ ತಾಗಿದ ಮೇಲೆ ನಿಧಾನವಾಗಿ ಎಚ್ಚೆತ್ತುಕೊಳ್ಳುತ್ತವೆ, ಅವಸರದಲ್ಲಿ ಓದುವವರ ಕಣ್ಣು ತಪ್ಪಿಸಿಕೊಳ್ಳುತ್ತವೆ. ಎಂಐಸಿ ಇಟ್ಟೆವು, 32. ಟೀಕೋಪ್ಲಾನಿನ್‌ಗೆ ‘ಎಸ್’.

ಆ ರೋಗಿಗೆ ಒಂಬತ್ತು ದಿನದಿಂದ ವ್ಯಾಂಕೋಮೈಸಿನ್ ಹೋಗುತ್ತಿತ್ತು. ಜ್ವರ ಇಳಿದಿರಲಿಲ್ಲ. ಯಾರೂ ನಮಗೆ ಫೋನ್ ಮಾಡಿರಲಿಲ್ಲ, ಯಾಕೆಂದರೆ ವರದಿಯಲ್ಲಿ ‘ಎಸ್’ ಇತ್ತು. ವಾರ್ಡಿನವರು ಮಲೇರಿಯಾ ನೋಡಿದರು, ಡೆಂಗಿ ನೋಡಿದರು, ಡೋಸ್ ಲೆಕ್ಕ ಹಾಕಿದರು. ನಮ್ಮ ಪ್ಲೇಟನ್ನು ಮಾತ್ರ ಯಾರೂ ಅನುಮಾನಿಸಲಿಲ್ಲ. ಅವತ್ತೇ ಔಷಧ ಬದಲಾಯಿತು, ಡಯಾಲಿಸಿಸ್ ಕ್ಯಾತಿಟರ್ ತೆಗೆದರು, ನಾಲ್ಕನೇ ದಿನ ಜ್ವರ ಬಿಟ್ಟಿತು. ಸರ್ಜನ್ ಸಾಹೇಬರು ಕೇಳಿದ ಬೆಂಕಿಗೆ ಉತ್ತರ ಹುಡುಕಲು ಹೋಗಿ ಇದು ಸಿಕ್ಕಿತೇ ಹೊರತು, ನಾವಾಗಿ ಹುಡುಕಿದ್ದಲ್ಲ.

ಇದಕ್ಕೊಂದು ಬೇಲಿ ಇದೆ, ದುಬಾರಿಯೂ ಅಲ್ಲ. ಬ್ರೈನ್ ಹಾರ್ಟ್ ಇನ್‌ಫ್ಯೂಷನ್ ಅಗರ್‌ಗೆ ಮಿಲಿಲೀಟರಿಗೆ 6 ಮೈಕ್ರೋಗ್ರಾಂ ವ್ಯಾಂಕೋಮೈಸಿನ್ ಬೆರೆಸಿ ಪ್ಲೇಟ್ ಮಾಡಿಟ್ಟುಕೊಳ್ಳಿ. ರಕ್ತದಿಂದ ಬಂದ ಪ್ರತಿ ಎಂಟರೋಕಾಕಸನ್ನೂ ಅದರ ಮೇಲೆ ಒಂದು ಚುಕ್ಕೆ ಇಟ್ಟು 24 ಗಂಟೆ ಬಿಡಿ. ಪಕ್ಕದಲ್ಲಿ ಬೆಳೆಯಬಾರದ ಎಟಿಸಿಸಿ 29212, ಬೆಳೆಯಲೇಬೇಕಾದ ಎಟಿಸಿಸಿ 51299. ಒಂದಕ್ಕಿಂತ ಹೆಚ್ಚು ಕಾಲನಿ ಎದ್ದರೆ ಎಂಐಸಿ ನೋಡುವ ತನಕ ‘ಎಸ್’ ಎಂದು ಬರೆಯಬೇಡಿ.

ಪ್ಲೇಟ್ ಸರಿ, ರೋಗವೇ ಇಲ್ಲ

ನಾಲ್ಕನೆಯದು ನಿಜವಾದ ವಿಆರ್‌ಇ. ಪ್ರಾಸ್ಟೇಟ್ ಆಪರೇಷನ್ ಆದ ಹಿರಿಯರು, ಜಗಳೂರು ಕಡೆಯವರು. ಮೂರು ವಾರದಿಂದ ಕ್ಯಾತಿಟರ್. ಊರಲ್ಲೇ ಮೂತ್ರ ಹಿಡಿದು, ಮಗ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದಿದ್ದ. ಬಾಟಲಿ ಮುಟ್ಟಿದರೆ ಕಾಫಿ ಲೋಟದಂತೆ ಬೆಚ್ಚಗಿತ್ತು. “ಎಲ್ಲಿಂದ ಹಿಡಿದ್ರಿ?” ಎಂದರೆ “ಚೀಲದಿಂದ್ಲೇ ಬಗ್ಗಿಸಿದ್ವಿ ಅಕ್ಕಾ” ಎಂದ.

ಚೀಲದ ಮೂತ್ರ ಪರೀಕ್ಷೆಗೆ ಬರುವುದಿಲ್ಲ. ನಮ್ಮ ಬೇಸಿಗೆಯಲ್ಲಿ ಬಸ್ಸಿನ ಒಳಗೆ ಇನ್‌ಕ್ಯುಬೇಟರಿನಷ್ಟೇ ಶಾಖ ಇರುತ್ತದೆ, ಎರಡು ಗಂಟೆಯಲ್ಲಿ ನೂರು ಬ್ಯಾಕ್ಟೀರಿಯಾ ಸಾವಿರಗಳಾಗುತ್ತವೆ. ನಳಿಕೆಯನ್ನು ಸ್ವಲ್ಪ ಹೊತ್ತು ಕ್ಲಾಂಪ್ ಮಾಡಿ, ಪೋರ್ಟನ್ನು ಸ್ಪಿರಿಟ್‌ನಿಂದ ಒರೆಸಿ, ಸಿರಿಂಜಿನಲ್ಲಿ ಎಳೆಯಬೇಕು. ಬಹಳ ದಿನದ ಕ್ಯಾತಿಟರ್ ಆದರೆ ಅದನ್ನು ಬದಲಿಸಿ ಹೊಸದರಿಂದಲೇ ತೆಗೆಯುವುದು ಒಳ್ಳೆಯದು. ಎರಡು ಗಂಟೆಯೊಳಗೆ ಲ್ಯಾಬಿಗೆ ಬರಬೇಕು, ಇಲ್ಲವೇ ಐಸ್ ಡಬ್ಬಿಯಲ್ಲಿ ಬರಬೇಕು. ಸರಿಯಾಗಿ ತೆಗೆದ ಮೂತ್ರದಲ್ಲೂ ಅವರಿಗೆ ಅದೇ ಫೀಸಿಯಂ ಬಂತು. ಆದರೆ ಜ್ವರವಿಲ್ಲ, ಹೊಟ್ಟೆನೋವಿಲ್ಲ, ಗ್ಲಾನಿಯಿಲ್ಲ. ನಳಿಕೆಯೊಳಗೆ ಮನೆ ಮಾಡಿಕೊಂಡಿದ್ದ ಬ್ಯಾಕ್ಟೀರಿಯಾ ಅದು. ಕ್ಯಾತಿಟರ್ ತೆಗೆದರು, ಔಷಧ ಕೊಡಲಿಲ್ಲ, ಎಂಟು ದಿನಕ್ಕೆ ಮೂತ್ರ ಶುದ್ಧವಾಗಿತ್ತು. ಲಿನೆಜೋಲಿಡ್ ಮಾತ್ರೆಯ ಚೀಟಿ ಮಾತ್ರ ಮಗನ ಜೇಬಿನಲ್ಲಿ ಹಾಗೇ ಉಳಿದಿತ್ತು.

ಹಳೆಯ ಚೀಟಿಗಳನ್ನು ನೋಡಿದಾಗ ಆಪರೇಷನ್ನಿನಿಂದ ಹಿಡಿದು ಒಂಬತ್ತು ದಿನ ಸೆಫ್ಟ್ರಿಯಾಕ್ಸೋನ್, ಜೊತೆಗೆ ಮೆಟ್ರೋನಿಡಜೋಲ್, ಮನೆಗೆ ಹೋದ ಮೇಲೆ ಸೆಫಿಕ್ಸಿಮ್. ಕರುಳಿನ ಬೇರೆಲ್ಲ ಒಕ್ಕಲನ್ನು ಎಬ್ಬಿಸಿ ಎಂಟರೋಕಾಕಸ್‌ಗೆ ಜಾಗ ಮಾಡಿಕೊಡುವುದಕ್ಕೆ ಇದಕ್ಕಿಂತ ಒಳ್ಳೆಯ ಜೋಡಿ ಸಿಗದು. ಸೆಫ್ಟ್ರಿಯಾಕ್ಸೋನ್, ಸೆಫಿಕ್ಸಿಮ್ ಎರಡೂ ಶೆಡ್ಯೂಲ್ ಎಚ್1ರಲ್ಲಿವೆ. 2014ರ ಮಾರ್ಚ್‌ನಿಂದ ಮೆಡಿಕಲ್ ಶಾಪಿನವರು ಚೀಟಿ ನೋಡಿ, ಬೇರೆ ರಿಜಿಸ್ಟರಿನಲ್ಲಿ ಬರೆದು ಕೊಡಬೇಕು. ಸೆಫಿಕ್ಸಿಮ್ ಹಾಳೆಯನ್ನು ಪೆಪ್ಪರ್‌ಮಿಂಟಿನಂತೆ ಕತ್ತರಿಸಿ ಕೊಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ರಕ್ತದ ಮಾತು ಬೇರೆ. ಒಂದೇ ಬಾಟಲಿಯಲ್ಲಿ ಬಂದರೆ ಚರ್ಮದಿಂದ ಸೇರಿದ್ದೋ ಎಂದು ಅನುಮಾನಿಸಬಹುದು, ಅದಕ್ಕೇ ಎರಡು ಕೈಯಿಂದ ಎರಡು ಸೆಟ್ ಕೇಳುವುದು. ಎರಡರಲ್ಲೂ ಬಂದು, ಎಲ್ಲಿಂದ ಬಂತೆಂದು ಗೊತ್ತಾಗದಿದ್ದರೆ ಹೃದಯದ ಎಕೋ ಮಾಡಿಸಿ. ಕವಾಟದ ಮೇಲೆ ಕೂರುವುದು ಫೀಕಾಲಿಸ್‌ನ ಹಳೆಯ ಚಾಳಿ.

ವರದಿಯೂ ಸರಿ, ‘ಎಸ್’ ಕೂಡ ಸರಿ, ಜ್ವರ ಇಳಿಯದು

ಇಲ್ಲಿ ಲ್ಯಾಬಿನವರ ಮಾತಿಗಿಂತ ವಾರ್ಡಿನವರ ಕೈ ದೊಡ್ಡದು. ನನಗೆ ಹೇಳುವುದಿರುವುದು ಮೂರು ಸಂಗತಿ.

ಆಂಪಿಸಿಲಿನ್ ‘ಎಸ್’ ಇದ್ದಾಗ ವ್ಯಾಂಕೋಮೈಸಿನ್ ದೊಡ್ಡ ಔಷಧ ಎಂದು ಅದಕ್ಕೆ ಹೋಗಬೇಡಿ. ಎಂಟರೋಕಾಕಸ್ ಮೇಲೆ ಅದು ನಿಧಾನ. ಆಂಪಿಸಿಲಿನ್ ಅಗ್ಗವಾದರೂ ಹೆಚ್ಚು ಪರಿಣಾಮಕಾರಿ. ಆದರೆ ಕರಗಿಸಿಟ್ಟ ಆಂಪಿಸಿಲಿನ್ ನಮ್ಮ ಬಿಸಿಲಿನಲ್ಲಿ ಬಹಳ ಹೊತ್ತು ತಾಳುವುದಿಲ್ಲ. ಬೆಳಿಗ್ಗೆ ಕರಗಿಸಿದ ವಯಲ್‌ನಿಂದ ಸಂಜೆಯ ಡೋಸ್ ಎಳೆಯುವ ವಾರ್ಡಿನಲ್ಲಿ ಯಾವ ‘ಎಸ್’ ಕೂಡ ಕೆಲಸ ಮಾಡದು.

ಕವಾಟದ ಸೋಂಕಾದರೆ ಒಂದು ಔಷಧ ಸಾಲದು. ಜೆಂಟಾಮೈಸಿನ್ ಜೊತೆಗೂಡಬೇಕು, ಅದಕ್ಕೆ ಹೆಚ್ಚಿನ ಪ್ರಮಾಣದ ಜೆಂಟಾಮೈಸಿನ್ ಪರೀಕ್ಷೆ ಬೇಕು. ಮಾಮೂಲಿ 10 ಮೈಕ್ರೋಗ್ರಾಂ ಡಿಸ್ಕ್ ಅಲ್ಲ, 120ರ ಡಿಸ್ಕ್. ಝೋನ್ 10 ಮತ್ತು ಮೇಲಿದ್ದರೆ ಜೋಡಿ ಕೂಡುತ್ತದೆ. ಆರಿದ್ದರೆ, ಅಂದರೆ ಡಿಸ್ಕಿನ ಅಂಚಿಗೇ ಬೆಳೆದಿದ್ದರೆ, ಕೂಡುವುದಿಲ್ಲ. ಏಳರಿಂದ ಒಂಬತ್ತಾದರೆ ಬೇರೆ ವಿಧಾನದಲ್ಲಿ ನೋಡಬೇಕು. ಹತ್ತರ ಡಿಸ್ಕ್ ಹಾಕಿ ‘ಜೆಂಟಾಮೈಸಿನ್ ಆರ್’ ಎಂದು ಬರೆದ ವರದಿಗಳು ಬೇರೆ ಊರಿನಿಂದ ನನ್ನ ಟೇಬಲ್ಲಿಗೆ ಬರುತ್ತಲೇ ಇರುತ್ತವೆ, ಅವುಗಳಿಗೆ ಅರ್ಥವೇ ಇಲ್ಲ. ಜೋಡಿ ಕೂಡದ ಫೀಕಾಲಿಸ್‌ಗೆ ಆಂಪಿಸಿಲಿನ್ ಜೊತೆ ಸೆಫ್ಟ್ರಿಯಾಕ್ಸೋನ್ ಕೊಡುತ್ತಾರೆ. ಒಂಟಿಯಾಗಿ ಏನೂ ಮಾಡದ ಸೆಫ್ಟ್ರಿಯಾಕ್ಸೋನ್ ಆಂಪಿಸಿಲಿನ್ ಪಕ್ಕದಲ್ಲಿ ಕೆಲಸಕ್ಕೆ ಬರುತ್ತದೆ, ಇಬ್ಬರೂ ಬೇರೆ ಬೇರೆ ಪಿಬಿಪಿಗಳನ್ನು ಹಿಡಿಯುತ್ತಾರೆ. ಮೇಲೆ ನಾನು ಬೈದದ್ದನ್ನು ಓದಿ ಈ ಜೋಡಿಯನ್ನು ನಿಲ್ಲಿಸಬೇಡಿ!

ಮೂರನೆಯದು, ಕೀವು ಒಳಗೇ ಇದೆಯೇ, ಹಳೆಯ ನಳಿಕೆ ಒಳಗೇ ಇದೆಯೇ ನೋಡಿ. ನೋಡದೆ ಔಷಧ ಬದಲಿಸುತ್ತಾ ಹೋದರೆ ಪಟ್ಟಿ ಬೇಗ ಮುಗಿಯುತ್ತದೆ.

ವಿಆರ್‌ಇಗೆ ಉಳಿದ ಔಷಧಗಳ ಆ ಪಟ್ಟಿ ಚಿಕ್ಕದು. ಲಿನೆಜೋಲಿಡ್, ಎರಡು ವಾರ ದಾಟಿದರೆ ಪ್ಲೇಟ್‌ಲೆಟ್ ಎಣಿಸುತ್ತಿರಬೇಕು. ಡ್ಯಾಪ್ಟೋಮೈಸಿನ್, ಫೀಸಿಯಂಗೆ ಕಿಲೋಗೆ 8ರಿಂದ 12 ಮಿಲಿಗ್ರಾಂ, ಶ್ವಾಸಕೋಶದ ಸೋಂಕಿಗೆ ಮಾತ್ರ ಬೇಡ, ಅಲ್ಲಿನ ಸರ್ಫ್ಯಾಕ್ಟಂಟ್ ಅದನ್ನು ನುಂಗಿಬಿಡುತ್ತದೆ. ಇದಕ್ಕೆ ಡಿಸ್ಕ್ ಹಾಕಿ ಓದುವಂತಿಲ್ಲ, ಎಂಐಸಿಯೇ ಬೇಕು. ಮೂತ್ರಕೋಶದ ಸಣ್ಣ ಸೋಂಕಾದರೆ ನೈಟ್ರೋಫುರಾಂಟೋಯಿನ್, ಫೀಕಾಲಿಸ್ ಆದರೆ ಫಾಸ್ಫೋಮೈಸಿನ್ ಕೂಡ.

ಉಳಿದ ಎರಡು: ಬೆಂಕಿ ವಾರ್ಡಿನಲ್ಲೂ ಇತ್ತು

ಐದು ಮತ್ತು ಆರನೆಯವು ಐಸಿಯುನ ಅಕ್ಕಪಕ್ಕದ ಹಾಸಿಗೆಗಳು. ಎರಡೂ ರಕ್ತದಿಂದ, ಎರಡೂ ಫೀಸಿಯಂ, ವ್ಯಾಂಕೋಮೈಸಿನ್ ಡಿಸ್ಕಿನ ಅಂಚಿಗೇ ಬೆಳೆದಿದ್ದವು, ಟೀಕೋಪ್ಲಾನಿನ್‌ಗೂ ಬಗ್ಗಲಿಲ್ಲ. ಬಾಕಿ ಡಿಸ್ಕುಗಳ ಅಳತೆಯೂ ಒಂದೇ ಅಚ್ಚು. ನಾನೂ ಇನ್‌ಚಾರ್ಜ್ ಸಿಸ್ಟರೂ ಸ್ವಾಬ್ ಕಟ್ಟು ಹಿಡಿದು ಹೋದೆವು.

ಎಂಟರೋಕಾಕಸ್ ಒಣ ವಸ್ತುಗಳ ಮೇಲೆ ದಿನಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬದುಕುತ್ತದೆ. ಹಾಗಾಗಿ ಹುಡುಕಬೇಕಾದದ್ದು ಗಾಳಿಯಲ್ಲಲ್ಲ, ಕೈ ಮುಟ್ಟುವ ಜಾಗಗಳಲ್ಲಿ. ಹಾಸಿಗೆಯ ಕಂಬಿ, ಮಾನಿಟರ್ ಗುಂಡಿ, ಬೆಡ್‌ಪ್ಯಾನ್ ಹಿಡಿಕೆ, ಬಿಪಿ ಪಟ್ಟಿ. ಆರು ಹಾಸಿಗೆಗೆ ಒಂದೇ ಬಿಪಿ ಪಟ್ಟಿ ಇತ್ತು, ಬಟ್ಟೆಯದು, ಒಳಗಡೆ ಬೆವರು ಕೂತು ಬಣ್ಣ ತಿರುಗಿತ್ತು. ವ್ಯಾಂಕೋಮೈಸಿನ್ ಬೆರೆಸಿದ ಬೈಲ್ ಎಸ್ಕ್ಯುಲಿನ್ ಪ್ಲೇಟಿನಲ್ಲಿ ಅದರ ಸ್ವಾಬ್ ಗೀಚಿದ ಗೆರೆ ಮರುದಿನ ಮಧ್ಯಾಹ್ನಕ್ಕೆ ಅಪ್ಪಟ ಕಪ್ಪು.

ನೆಲ ಒರೆಸುವ ಆಯಮ್ಮನನ್ನು ಬೈಯಲು ಎಲ್ಲರೂ ತಯಾರಿದ್ದರು. ನಾನು ಒಂದು ಬೆಳಿಗ್ಗೆ ಅವರ ಜೊತೆ ನಿಂತು ನೋಡಿದೆ. ಒಂದೇ ಬಕೆಟ್, ಐಸಿಯುನ ಆ ತುದಿಯಿಂದ ಈ ತುದಿಗೆ. ಹೋಟೆಲಿನಲ್ಲಿ ಬೆಣ್ಣೆದೋಸೆ ತಿಂದೆದ್ದ ಟೇಬಲ್ಲುಗಳನ್ನೆಲ್ಲ ಒಂದೇ ಬಟ್ಟೆಯಲ್ಲಿ ಒರೆಸುವಂತೆ, ಕೊಳೆ ಹೋಗುವುದಕ್ಕಿಂತ ಸಮನಾಗಿ ಹಂಚಿಕೆಯಾಗುತ್ತಿತ್ತು. ಹೈಪೋಕ್ಲೋರೈಟ್ ಕ್ಯಾನ್ ಕಿಟಕಿಯ ಪಕ್ಕ ಬಿಸಿಲಲ್ಲಿ, ಮುಚ್ಚಳ ಅರ್ಧ ತೆರೆದು. “ವಾಸ್ನಿ ಬರ್ತತಲ್ಲಮ್ಮ, ಸಾಕಾಗಲ್ವಾ?” ಎಂದರು. ಸಾಕಾಗುವುದಿಲ್ಲ. ಬಿಸಿಲು, ಶಾಖ ಎರಡೂ ಕ್ಲೋರಿನ್ ಅನ್ನು ತಿನ್ನುತ್ತವೆ, ವಾಸನೆ ಉಳಿಯುತ್ತದೆ. ನೆರಳಿನಲ್ಲಿ, ಬೆಳಕು ತೂರದ ಕ್ಯಾನಿನಲ್ಲಿ ಇಡಬೇಕು. ಶೇಕಡಾ 5ರದ್ದಾದರೆ ಒಂದು ಪಾಲಿಗೆ ನಾಲ್ಕು ಪಾಲು ನೀರು ಹಾಕಿದರೆ ಶೇಕಡಾ 1, ಅದನ್ನು ದಿನದಿನ ಹೊಸದಾಗಿ ಮಾಡಿಕೊಳ್ಳಬೇಕು. ಮೊದಲು ಸೋಪಿನ ನೀರಿನಲ್ಲಿ ಕೊಳೆ ತೆಗೆದು ಆಮೇಲೆ ಇದನ್ನು ಹಚ್ಚಬೇಕು, ಕೊಳೆಯ ಮೇಲೆ ಸುರಿದ ಬ್ಲೀಚ್ ಕೊಳೆಯ ಜೊತೆಗೇ ಕಾದಾಡಿ ಮುಗಿಯುತ್ತದೆ. ಇಷ್ಟನ್ನು ಆಯಮ್ಮನಿಗೆ ಯಾರೂ ಯಾವತ್ತೂ ಹೇಳಿರಲಿಲ್ಲ. ಹೇಳಿದ ಮೇಲೆ ಪ್ರತಿ ಹಾಸಿಗೆಗೆ ಬೇರೆ ಬಟ್ಟೆ ಕೊಡಿ ಎಂದು ಕೇಳಿದವರು ಅವರೇ.

ಇಬ್ಬರು ರೋಗಿಗಳನ್ನೂ ಒಂದು ಮೂಲೆಗೆ ಸರಿಸಿ, ಅವರಿಗೇ ಬೇರೆ ಬಿಪಿ ಪಟ್ಟಿ, ಬೇರೆ ಸ್ಟೆತಸ್ಕೋಪ್, ಗೌನು, ಗ್ಲೌಸ್ ಇಟ್ಟೆವು. ಗ್ಲೌಸ್ ಬಿಚ್ಚಿದ ಮೇಲೂ ಕೈ ಉಜ್ಜಬೇಕು, ಇದನ್ನು ಡಾಕ್ಟರುಗಳಿಗೆ ನೆನಪಿಸುವಷ್ಟು ಆಯಮ್ಮನಿಗೆ ನೆನಪಿಸಬೇಕಾಗಲಿಲ್ಲ. ಐಸಿಯುನ ಉಳಿದವರಿಗೆ ಗುದದ್ವಾರದ ಸ್ವಾಬ್ ಮಾಡಿದಾಗ ಇನ್ನೊಬ್ಬರ ಕರುಳಿನಲ್ಲಿ ಅದೇ ತಳಿ ಸದ್ದಿಲ್ಲದೆ ಕೂತಿತ್ತು. ಅವರಿಗೆ ಔಷಧ ಕೊಡಲಿಲ್ಲ, ಜಾಗ ಮಾತ್ರ ಬದಲಿಸಿದೆವು.

ಸರ್ಜನ್‌ಗೆ ನಾನೇ ಫೋನ್ ಮಾಡಿ, “ಎರಡೂ ಕಡೆ ಬಿದ್ದಿತ್ತು ಸರ್” ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಆ ‘ಎಸ್’ ಪ್ಲೇಟಿನ ವಿಷಯ ನಮ್ಮ ಹುಡುಗರಿಗೆ ನೀವೇ ಬಂದು ಹೇಳ್ರಿ ಮೇಡಂ” ಎಂದರು. ಪ್ಲೇಟನ್ನೇ ತೆಗೆದುಕೊಂಡು ಹೋಗಿ ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದೆ. ಹನ್ನೊಂದು ಜನರಲ್ಲಿ ನಾಲ್ವರಿಗೆ ಮಂಜು ಮೊದಲ ನೋಟಕ್ಕೆ ಕಾಣಲಿಲ್ಲ.

ಹೊಸ ಕ್ರಮ ಶುರುವಾದ ಮೇಲೆ ಎರಡು ಸುತ್ತು ಸ್ವಾಬ್ ತೆಗೆದಿದ್ದೇವೆ. ಬಿಪಿ ಪಟ್ಟಿಗಳು ಶುದ್ಧ, ಮಾನಿಟರ್ ಗುಂಡಿಗಳು ಶುದ್ಧ. ಮೂರನೇ ಹಾಸಿಗೆಯ ಕಂಬಿಯ ಕೆಳಗಿನ ಸಂದಿ, ಬಣ್ಣ ಎದ್ದು ತುಕ್ಕು ಹಿಡಿದ ಜಾಗ, ಎರಡು ಸಲವೂ ಕಪ್ಪಾಯಿತು. ಆ ಮಂಚವನ್ನು ಹೊರಗೆ ಸಾಗಿಸಿ ಉಜ್ಜಿ ಬಣ್ಣ ಹೊಡೆಸುತ್ತಿದ್ದಾರೆ. ಮುಂದಿನ ಸ್ವಾಬ್ ಸೋಮವಾರ.